ಲಿಂಗಪತಿಯ ಮನೆಯಲ್ಲಿ ಪುರುಷನ ಧರ್ಮ

(ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠಗಳ ವೇದಿಕೆಯ ಮೇಲೆ ಸ್ತ್ರೀಧರ್ಮವನ್ನು ಕುರಿತ ಉಪನ್ಯಾಸಗಳಿಗೆ ಎಂದೂ ಬರಗಾಲವಿಲ್ಲ. ಹೆಣ್ಣು ತವರಿನಲ್ಲಿ ಹೇಗಿರಬೇಕು, ಅತ್ತೆಯ ಮನೆಯಲ್ಲಿ ಹೇಗೆ ನಡೆಯಬೇಕು, ಗಂಡನು ಮುನಿದಾಗ ಎಂತು ತಾಳಬೇಕು ಎಂಬುದನ್ನೆಲ್ಲ ವಿಸ್ತರಿಸಿ ಹೇಳುವ ಪಂಡಿತರೂ ಉಂಟು, ತಲೆದೂಗಿ ಕೇಳುವ ಗಂಡಸರೂ ಉಂಟು. ಪುರುಷಧರ್ಮವೆಂಬ ವಿಷಯವನ್ನೆತ್ತಿಕೊಂಡು, ಗಂಡಸರನ್ನೇ ಮುಂದೆ ಕುಳ್ಳಿರಿಸಿಕೊಂಡು ಮಾತನಾಡಿದವರು ಮಾತ್ರ ವಿರಳ. ಹೊಡೆಯುವ ಕೈ ಪುರುಷನದು, ಬುದ್ಧಿವಾದವು ಸ್ತ್ರೀಗೆ. ಜ್ವರ ಬಂದವನು ಒಬ್ಬನು, ಕಷಾಯ ಕುಡಿಯತಕ್ಕವಳು ಮತ್ತೊಬ್ಬಳು ಎಂಬಂತಹ ಈ ವೈದ್ಯದಿಂದ ರೋಗವು ಶಮನವಾಗಲಿಲ್ಲವೆಂದರೆ ಆಶ್ಚರ್ಯವೇನು? ಆದುದರಿಂದ ಪ್ರಕೃತ ಉಪನ್ಯಾಸದ ಮಾತುಗಳು ಮುಖ್ಯವಾಗಿ ಈ ಸಭೆಯ ಗಂಡಸರಿಗೂ, ಅವರ ಮುಂದೆ ಚಾಪೆಯ ಮೇಲೆ ಕುಳಿತಿರುವ ಬಾಲಕರಿಗೂ ಸಲ್ಲತಕ್ಕವು. ಶರಣಮಾತೆಯರು ಕೇಳಿ ಸಾಕ್ಷಿಯಾಗಿದ್ದರೆ ಸಾಕು.

ರೋಗವು ಎಷ್ಟರಮಟ್ಟಿನದೆಂಬುದನ್ನು ಮೊದಲು ಅರಿಯಬೇಕು. ಭಾರತ ಸರ್ಕಾರದವರು ೨೦೧೯-೨೧ರಲ್ಲಿ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ೧೮ರಿಂದ ೪೯ ವರ್ಷದೊಳಗಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ ೪೪ ಮಂದಿ ಗಂಡನಿಂದ ಪೆಟ್ಟನ್ನೋ ಬಲಾತ್ಕಾರವನ್ನೋ ಅನುಭವಿಸಿದವರೆಂದು ಕಂಡುಬಂದಿತು. ಇದಕ್ಕಿಂತಲೂ ವಿಚಾರಾರ್ಹವಾದ ಮತ್ತೊಂದು ಲೆಕ್ಕವು ಅದೇ ಸಮೀಕ್ಷೆಯಲ್ಲಿದೆ. ಹೇಳದೆ ಮನೆಯಿಂದ ಹೊರಗೆ ಹೋದರೆ, ಮನೆಮಕ್ಕಳನ್ನು ಅಲಕ್ಷಿಸಿದರೆ, ಎದುರು ಮಾತನಾಡಿದರೆ, ಅಡಿಗೆ ಸರಿಯಾಗಿ ಮಾಡದಿದ್ದರೆ, ಅತ್ತೆಮಾವಂದಿರಿಗೆ ಮರ್ಯಾದೆ ತೋರದಿದ್ದರೆ—ಹೀಗೆ ಏಳು ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡನು ಹೆಂಡತಿಯನ್ನು ಹೊಡೆಯುವುದು ಯುಕ್ತವೇ ಎಂದು ಕೇಳಲಾಯಿತು. ಒಂದಕ್ಕಾದರೂ ಯುಕ್ತವೆಂದವರು ಈ ನಾಡಿನ ಗಂಡಸರಲ್ಲಿ ನೂರಕ್ಕೆ ಸುಮಾರು ೮೨ ಮಂದಿ. ಹೆಂಗಸರಲ್ಲಿ ಸಹ ೭೭ ಮಂದಿ. ಹೊಡೆಯುವವರಿಗಿಂತ ಹೊಡೆಯಬಹುದೆನ್ನುವವರೇ ಬಹುಪಾಲು ಹೆಚ್ಚು ಎಂಬುದನ್ನು ಗಮನಿಸಬೇಕು. ಒಬ್ಬನು ಹೊಡೆಯುತ್ತಾನೆ, ಅವನ ಸುತ್ತ ನಿಂತಿರುವ ಅಣ್ಣ, ತಮ್ಮ, ಮಾವ, ನೆರೆಯವನು ಇವರೆಲ್ಲರೂ ತಮ್ಮ ತಮ್ಮ ಮನಸ್ಸಿನಲ್ಲಿ ಅವನಿಗೆ ಅಪ್ಪಣೆ ಕೊಟ್ಟಿರುತ್ತಾರೆ. ಲಿಂಗಾಯತರ ಮನೆಗಳು ಈ ಲೆಕ್ಕದಿಂದ ಹೊರಗಿಲ್ಲ. ಕೊರಳಲ್ಲಿ ಲಿಂಗವಿದ್ದ ಮಾತ್ರಕ್ಕೆ ಕೈಗೆ ಲಗಾಮು ಬೀಳುವುದಾಗಿದ್ದರೆ ಈ ಉಪನ್ಯಾಸದ ಅಗತ್ಯವೇ ಇರುತ್ತಿರಲಿಲ್ಲ.

ಈ ಅಪ್ಪಣೆಯನ್ನು ಧರ್ಮವು ಕೊಟ್ಟಿದೆಯೆ? ಶರಣಧರ್ಮದಲ್ಲಿ ಇದಕ್ಕೆ ತಿಲಮಾತ್ರವೂ ಆಸ್ಪದವಿಲ್ಲವೆಂಬುದನ್ನು ತಿಳಿಯಲು ದೊಡ್ಡ ಪಾಂಡಿತ್ಯ ಬೇಡ. ಶರಣಸತಿ ಲಿಂಗಪತಿ ಎಂಬ ಭಾವವು ಭಕ್ತಮಾತ್ರರಿಗೆಲ್ಲ ತಿಳಿದುದೇ ಆಗಿದೆ. ಜೀವವು ಸತಿ, ಲಿಂಗವೇ ಪತಿ. ಇದು ಹೆಂಗಸರಿಗಾಗಿ ಹೇಳಿದ ಮಾತಲ್ಲ. ಮೀಸೆ ಹೊತ್ತ ಗೌಡನೂ, ಪೇಟೆಯ ಶೆಟ್ಟಿಯೂ, ವೇದಿಕೆಯ ಮೇಲಿನ ಪಂಡಿತನೂ ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜೆಗೆ ಕುಳಿತಾಗ ಸತಿಯೇ. ಹಾಗಾದಮೇಲೆ ಆ ಮನೆಯಲ್ಲಿ ಪತಿ ಯಾರು? ಗಂಡನಿಗೂ ಪತಿ ಲಿಂಗವೇ, ಹೆಂಡತಿಗೂ ಪತಿ ಲಿಂಗವೇ. ಒಂದೇ ಪತಿಯ ಇಬ್ಬರು ಸತಿಯರು ಒಂದು ಮಾಡಿನ ಕೆಳಗೆ ಬಾಳುತ್ತಿರುವಲ್ಲಿ, ಒಬ್ಬಳಿಗೆ ಮತ್ತೊಬ್ಬಳ ಮೇಲೆ ಒಡೆತನ ಎಲ್ಲಿಂದ ಬಂದಿತು? ‘ನಾನು ಈಕೆಯ ಯಜಮಾನ, ಈಕೆಯನ್ನು ದಂಡಿಸುವ ಹಕ್ಕುಳ್ಳವನು’ ಎನ್ನುವ ಗಂಡನು ಹೆಂಡತಿಗೆ ಅನ್ಯಾಯ ಮಾಡುವುದಂತೂ ಸರಿಯೇ; ಅದಕ್ಕೂ ಮೊದಲು ಲಿಂಗಕ್ಕೆ ಸಲ್ಲುವ ಹೆಸರನ್ನು ತಾನು ಅಪಹರಿಸಿದವನಾಗುತ್ತಾನೆ. ಪರಧನವನ್ನು ಮುಟ್ಟೆನೆಂದು ವ್ರತ ಹಿಡಿದವನು ಲಿಂಗದ ಒಡೆತನವನ್ನೇ ಕದ್ದರೆ ಆ ವ್ರತಕ್ಕೆ ಏನೆನ್ನಬೇಕು!

ಇಲ್ಲಿ ಒಂದು ಆಕ್ಷೇಪವುಂಟು. ಸತಿಭಾವವೆಂಬುದು ಪೂಜೆಯ ಹೊತ್ತಿಗೆ ಮಾತ್ರ ಸಲ್ಲುವ ಆಧ್ಯಾತ್ಮದ ಮಾತು, ಲೋಕವ್ಯವಹಾರಕ್ಕೆ ಅದನ್ನು ತರಕೂಡದು ಎಂದು ಕೆಲವರು ವಾದಿಸುತ್ತಾರೆ. ಪೂಜೆಗೆ ಒಂದು ನಡೆ, ಪೇಟೆಗೆ ಒಂದು ನಡೆ ಎಂಬ ಭೇದವನ್ನು ಸುಟ್ಟು ಹಾಕುವುದಕ್ಕಾಗಿಯೇ ಶರಣರು ಕಾಯಕವನ್ನು ಕೈಲಾಸವೆಂದು ಕರೆದುದು. ತಕ್ಕಡಿ ಹಿಡಿಯುವಾಗ ಲಿಂಗವು ನೋಡುತ್ತಿರುವುದೆಂದು ಒಪ್ಪುವವನು ಅಡಿಗೆಮನೆಯಲ್ಲಿ ನಿಂತಾಗ ಲಿಂಗವು ಕಣ್ಣು ಮುಚ್ಚಿಕೊಂಡಿರುವುದೆಂದು ಹೇಗೆ ಹೇಳಬಲ್ಲನು? ಅಷ್ಟೇ ಅಲ್ಲ. ತಾನು ಸತಿಯಾಗಿ ಕುಳಿತು ಲಿಂಗಪತಿಯಿಂದ ಆತನು ಬಯಸುವುದಾದರೂ ಏನನ್ನು? ಒಲವನ್ನು, ಅಭಯವನ್ನು, ತಪ್ಪಿದಲ್ಲಿ ತಾಳ್ಮೆಯನ್ನು. ತಪ್ಪಿಗೆ ಕಪಾಳಕ್ಕೆ ಹೊಡೆಯುವ ಪತಿಯೊಬ್ಬನು ತನಗೂ ಇರಲೆಂದು ಬೇಡಿಕೊಂಡ ಭಕ್ತನಿಲ್ಲ.

ಇನ್ನೊಂದು ಮಾತು. ಈ ಧರ್ಮದಲ್ಲಿ ಲಿಂಗದೀಕ್ಷೆಯು ಗಂಡಿಗೆ ಹೇಗೋ ಹೆಣ್ಣಿಗೂ ಹಾಗೆಯೇ. ಅವಳ ಎದೆಯ ಮೇಲಿರುವ ಲಿಂಗವು ಗಂಡನ ಲಿಂಗಕ್ಕಿಂತ ಕಿರಿದಲ್ಲ. ದೇವಾಲಯದ ಗೋಡೆಗೆ ಕಲ್ಲೆಸೆದವನನ್ನು ಊರೇ ಕೂಡಿ ದಂಡಿಸುತ್ತದೆ. ದೇಹವೇ ದೇವಾಲಯವೆಂಬ ತತ್ತ್ವವನ್ನು ಜಗತ್ತಿಗೆ ಸಾರಿದ ಸಮಾಜದಲ್ಲಿ ನಡೆದಾಡುವ ದೇವಾಲಯದ ಮೇಲೆ ಕೈ ಮಾಡಿದವನಿಗೆ ಪಂಕ್ತಿಯಲ್ಲಿ ಎಂದಿನಂತೆ ಪ್ರಸಾದ ದೊರಕುತ್ತದೆ, ಯಾರೂ ಕೇಳುವುದಿಲ್ಲ.

ಶರಣರ ಚರಿತ್ರೆಗಳನ್ನು ಓದುವ ರೀತಿಯಲ್ಲಿಯೂ ಸ್ವಲ್ಪ ತಿದ್ದುಪಡಿ ಬೇಕಾಗಿದೆ. ಉಡುತಡಿಯ ಮಹಾದೇವಿಯಕ್ಕನ ಕಥೆಯನ್ನು ಹೇಳುವಾಗ ಕೀರ್ತನಕಾರರು ಅಕ್ಕನ ವೈರಾಗ್ಯವನ್ನು ಕೊಂಡಾಡಿ ಕಣ್ಣೀರು ತರಿಸುತ್ತಾರೆ, ಯುಕ್ತವೇ. ಆದರೆ ಆ ಕಥೆಯಲ್ಲಿ ಗಂಡಸರೂ ಇದ್ದಾರೆ. ಹರಿಹರನು ರಗಳೆಯಲ್ಲಿ ಹೇಳುವ ಪ್ರಕಾರ, ಒಲ್ಲೆನೆಂದವಳನ್ನು ಒಲಿಸಲಾರದ ಕೌಶಿಕನು ಅವಳ ತಂದೆತಾಯಿಗಳ ಮೇಲೆ ರಾಜಭಯವನ್ನು ತಂದೊಡ್ಡಿದನು. ಅವಳು ಒಡ್ಡಿದ ನಿಬಂಧನೆಗಳಿಗೆ ಒಪ್ಪಿ, ಒಪ್ಪಿದುದನ್ನು ಮುರಿದನು. ಕೌಶಿಕನೊಬ್ಬನನ್ನೇ ದೂಷಿಸಿ ಸುಮ್ಮನಾಗುವುದು ಸುಲಭ. ಅರಸನ ಆಜ್ಞೆಯನ್ನು ಹೊತ್ತು ಆ ಮನೆಯ ಬಾಗಿಲಿಗೆ ಬಂದವರು ಯಾರು? ಅವರಿಗೂ ಅಕ್ಕತಂಗಿಯರಿದ್ದಿರಬೇಕು. ‘ಪ್ರಭುವೇ, ಆ ಕನ್ಯೆಯು ಒಲ್ಲೆನೆಂದಳು, ಅಲ್ಲಿಗೆ ಆ ಮಾತು ಮುಗಿಯಿತು’ ಎಂದು ಹೇಳುವ ಒಬ್ಬ ಗಂಡಸು ಅರಮನೆಯಲ್ಲಿದ್ದಿದ್ದರೆ ಕಥೆಯ ಗತಿಯೇ ಬೇರೆಯಾಗುತ್ತಿತ್ತು. ಇಂದಿನ ಹಳ್ಳಿಗಳಲ್ಲಿ ಕೌಶಿಕರ ಸಂಖ್ಯೆ ಅಲ್ಪವೇ ಇದ್ದೀತು. ಕೌಶಿಕನ ಓಲೆ ಹೊರುವವರ ಸಂಖ್ಯೆ ಬಹಳ. ಕಾಲೇಜಿಗೆ ಹೋಗುವ ಹುಡುಗಿಯ ಹಿಂದೆ ಬಿದ್ದ ಸ್ನೇಹಿತನಿಗೆ ಅವಳ ದೂರವಾಣಿಯ ಸಂಖ್ಯೆಯನ್ನು ತಂದುಕೊಡುವ ಹುಡುಗನು ಓಲೆಕಾರನಲ್ಲದೆ ಮತ್ತೇನು?

ಆ ಅಕ್ಕನೇ ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದಲ್ಲಿದ್ದ ಗಂಡಸರು ಹೇಗೆ ನಡೆದುಕೊಂಡರೆಂಬುದನ್ನು ಶೂನ್ಯಸಂಪಾದನೆಯಲ್ಲಿ ಕಾಣಬಹುದು. ಅಲ್ಲಮಪ್ರಭುದೇವರು ಕಠಿನವಾಗಿಯೇ ಪ್ರಶ್ನಿಸಿದರು. ಆದರೆ ಪ್ರಶ್ನೆಯನ್ನು ಕೇಳಿ ಉತ್ತರಕ್ಕಾಗಿ ಕಾದರು. ಉತ್ತರ ಬಂದಮೇಲೆ ತಲೆಬಾಗಿದರು. ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಹಿರಿಯರೆಲ್ಲರೂ ‘ಅಕ್ಕ’ ಎಂದು ಕರೆದರು. ಒಂಟಿಯಾಗಿ ಬಂದ ಹೆಣ್ಣಿಗೆ ಗೌರವದ ಸ್ಥಾನವೊಂದನ್ನು ಹನ್ನೆರಡನೆಯ ಶತಮಾನದ ಗಂಡಸರು ಕಲ್ಪಿಸಿಕೊಟ್ಟಿದ್ದರು.

ಆಯ್ದಕ್ಕಿಯ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ಇನ್ನೂ ಮನೆಗೆ ಹತ್ತಿರವಾದುದು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇದು ದುರಾಸೆಯೆಂದು ಲಕ್ಕಮ್ಮನು ತಿಳಿಹೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಈ ಕಥೆಯಲ್ಲಿ ಲಕ್ಕಮ್ಮನ ನಿಷ್ಠೆಯನ್ನು ಎಲ್ಲರೂ ಹೊಗಳುತ್ತಾರೆ. ಮಾರಯ್ಯನನ್ನು ಹೊಗಳಿದವರು ಎಷ್ಟು ಮಂದಿ? ಬಿಸಿಲಲ್ಲಿ ಬಗ್ಗಿ ಬಗ್ಗಿ ಆಯ್ದು, ಹೆಗಲ ಮೇಲೆ ಹೊತ್ತು ಮನೆಗೆ ಬಂದ ಗಂಡಸಿಗೆ ಹೆಂಡತಿಯು ಹೊಸ್ತಿಲಲ್ಲಿಯೇ ‘ತಪ್ಪು ಮಾಡಿದೆ, ತಿರುಗಿ ಹೋಗು’ ಎಂದರೆ ಇಂದು ಏನಾಗುತ್ತದೆ? ಮೇಲೆ ಹೇಳಿದ ಏಳು ಕಾರಣಗಳಲ್ಲಿ ‘ಎದುರು ಮಾತು’ ಎಂಬುದೂ ಒಂದಾಗಿರುವುದನ್ನು ಸ್ಮರಿಸಿಕೊಳ್ಳಬಹುದು. ಮಾರಯ್ಯನು ಗದರಲಿಲ್ಲ, ‘ಗಳಿಸುವವನು ನಾನು’ ಎನ್ನಲಿಲ್ಲ. ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲಿಯೇ ಹಿಂದಿರುಗಿದನು. ಪೌರುಷವೆಂದರೆ ಇದು. ಬಾಲಕರು ಈ ಹಿಂದಿರುಗಿದ ನಡಿಗೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹಿರಿಯರು ಮಾಡಿದುದು ಮಾತಿಗೆ ಮಾತು ಬೆಳೆದ ಸಣ್ಣ ಮುನಿಸುಗಳಿಗಾಗಿ. ಈಗಲಾದರೋ ಅದು ನೆರೆಯವನು ಕಿವಿ ಮುಚ್ಚಿಕೊಳ್ಳುವುದಕ್ಕೆ ನೆವವಾಗಿದೆ. ಗೋಡೆಯಾಚೆ ಹೆಣ್ಣುಮಗಳೊಬ್ಬಳು ಕೂಗಿಕೊಂಡರೆ ‘ಅವರ ಮನೆಯ ವಿಚಾರ’ ಎಂದು ದೀಪವಾರಿಸುತ್ತಾನೆ. ಅದೇ ಗೋಡೆಯಾಚೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಅವನೇ ಕೊಡ ಹಿಡಿದು ಓಡುತ್ತಾನೆ. ೨೦೦೮ರಲ್ಲಿ ಹಿಂದಿಯಲ್ಲಿ ಒಂದು ಪ್ರಚಾರವು ನಡೆಯಿತು. ನೆರೆಮನೆಯಲ್ಲಿ ಹೊಡೆತದ ಸದ್ದು ಕೇಳಿದ ಗಂಡಸು ಎದ್ದು ಹೋಗಿ ಆ ಮನೆಯ ಗಂಟೆಯನ್ನೊತ್ತುತ್ತಾನೆ. ಬಾಗಿಲು ತೆರೆದಾಗ ಏನೋ ಒಂದು ಸಣ್ಣ ವಸ್ತುವನ್ನು ಕೇಳುತ್ತಾನೆ. ಅಷ್ಟೇ. ಹೊಡೆದಾಡಲಿಲ್ಲ, ಉಪದೇಶ ಮಾಡಲಿಲ್ಲ. ಕೇಳಿಸಿಕೊಂಡವನೊಬ್ಬನು ಇದ್ದಾನೆಂಬುದು ಒಳಗಿನವನಿಗೆ ತಿಳಿಯಿತು, ಎತ್ತಿದ ಕೈ ಇಳಿಯಿತು. ಗಂಟೆಯಿಲ್ಲದ ಹಳ್ಳಿಯ ಮನೆಗೆ ಚಿಲಕವಾದರೂ ಇದ್ದೇ ಇದೆ.

ಹೀಗೆ ನಡುವೆ ಪ್ರವೇಶಿಸುವವನಿಗೆ ರಾಜಶಾಸನದ ಬೆಂಬಲವೂ ಉಂಟು. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ ನಾಲ್ಕನೆಯ ಪ್ರಕರಣದಂತೆ, ಇಂತಹ ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾವನೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು; ಸದ್ಭಾವದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಆ ಅಧಿನಿಯಮವು ಪೆಟ್ಟನ್ನಲ್ಲದೆ ಬೈಗುಳ, ಬಲಾತ್ಕಾರ, ಕೈಗೆ ಕಾಸು ಕೊಡದೆ ಸತಾಯಿಸುವುದು ಇವನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮನೆಯು ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗುಂಟೆಂದು ಹೇಳುತ್ತದೆ. ೧೯೮೩ರಲ್ಲಿ ಹಳೆಯ ದಂಡಸಂಹಿತೆಗೆ ಸೇರಿಸಿದ್ದ ಗಂಡನ ಕ್ರೌರ್ಯದ ಅಪರಾಧವು ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯಸಂಹಿತೆಯ ೮೫ನೆಯ ಪ್ರಕರಣದಲ್ಲಿದೆ. ಶಿಕ್ಷೆಯು ಮೂರು ವರ್ಷದ ಸೆರೆಯವರೆಗೆ. ೧೮೧ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹೆಣ್ಣುಮಕ್ಕಳಿಗೆ ಸಹಾಯ ದೊರೆಯುತ್ತದೆ. ಇವನ್ನು ಮಠದ ಗೋಡೆಯ ಮೇಲೆ ಬರೆಯಿಸಲು ಸಂಕೋಚಪಡಬೇಕಾದುದಿಲ್ಲ. ಜಾತ್ರೆಯ ಪ್ರಕಟಣೆಗೆ ಇರುವಷ್ಟೇ ಜಾಗ ಸಾಕು.

ಕುಡಿದ ಅಮಲಿನಲ್ಲಿ ಕೈ ಮುಂದಾಯಿತು, ಕೋಪದಲ್ಲಿ ಮೈಮರೆತೆನು ಎಂದು ಹೇಳುವವರಿದ್ದಾರೆ. ಮೈಮರೆತವನು ಎದುರಿಗೆ ಸಿಕ್ಕವರನ್ನೆಲ್ಲ ಹೊಡೆಯಬೇಕಷ್ಟೆ? ಇವನು ಸಾಲ ಕೊಟ್ಟ ಸಾಹುಕಾರನನ್ನು ಹೊಡೆಯುವುದಿಲ್ಲ, ದಾರಿಯಲ್ಲಿ ತಡೆದ ಪೊಲೀಸಿನವನಿಗೆ ಕೈ ಮುಗಿಯುತ್ತಾನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಮೈಮರೆಯುತ್ತಾನೆ. ಬಾಗಿಲು ಹಾಕುವಷ್ಟು ಎಚ್ಚರವಿದ್ದವನಿಗೆ ಕೈ ತಡೆಯುವಷ್ಟು ಎಚ್ಚರವೂ ಇರುತ್ತದೆ. ಕುಡಿತವನ್ನು ಬಿಡಿಸುವುದು ಒಳ್ಳೆಯದೇ. ಆದರೆ ಕುಡಿತ ಬಿಟ್ಟವನೆಲ್ಲ ಹೊಡೆತ ಬಿಟ್ಟವನೆಂದು ತಿಳಿಯಕೂಡದು.

ಇನ್ನು ಬಾಲಕರ ಮಾತು. ಬೆಳೆದ ಮರವನ್ನು ಬಗ್ಗಿಸುವುದು ಕಷ್ಟ. ಸಿದ್ಧಗಂಗೆ, ಸುತ್ತೂರು ಮೊದಲಾದ ಕ್ಷೇತ್ರಗಳ ಪ್ರಸಾದನಿಲಯಗಳಲ್ಲಿ ಸಹಸ್ರಾವಧಿ ಮಕ್ಕಳು ಉಂಡು, ಓದಿ, ಬಾಳಿಗೆ ಹತ್ತಿದ್ದಾರೆ. ಮಠಕ್ಕೆ ಈ ವಿಷಯದಲ್ಲಿರುವ ಅನುಕೂಲವು ಬೇರೆ ಯಾವ ಸಂಸ್ಥೆಗೂ ಇಲ್ಲ: ಹುಡುಗನು ಹತ್ತು ವರ್ಷದವನಾಗಿ ಬಂದು ಮೀಸೆ ಮೂಡಿದಮೇಲೆ ಹೊರಡುತ್ತಾನೆ. ಪ್ರಸಾದನಿಲಯದಲ್ಲಿ ಅವನು ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ, ತನ್ನ ಹಾಸಿಗೆಯನ್ನು ತಾನೇ ಸುತ್ತುತ್ತಾನೆ, ಸರದಿಯಂತೆ ಕಸ ಗುಡಿಸುತ್ತಾನೆ. ದೀಪಾವಳಿಯ ರಜೆಗೆ ಊರಿಗೆ ಹೋದ ದಿನವೇ ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟೇಳುತ್ತಾನೆ, ತಂಗಿಯು ಎತ್ತುತ್ತಾಳೆ. ಮಠದಲ್ಲಿ ಕಲಿತುದು ಕಾಯಕವೆಂದೂ, ಮನೆಯಲ್ಲಿ ಅದೇ ಕೆಲಸವು ಹೆಂಗಸರ ಚಾಕರಿಯೆಂದೂ ಅವನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನೋಡಿ ಕಲಿತನು. ತಂಗಿಯ ಮೇಲಿನ ಈ ಸಣ್ಣ ಅಧಿಕಾರವೇ ಮುಂದೆ ಹೆಂಡತಿಯ ಮೇಲೆ ದೊಡ್ಡದಾಗಿ ಬೆಳೆಯುವುದು. ಆದುದರಿಂದ ರಜೆಗೆ ಹೊರಡುವ ಹುಡುಗನಿಗೆ ಮಠವು ಕೊಡತಕ್ಕ ಅಪ್ಪಣೆಯು ಬಹು ಸರಳವಾದುದು: ಮನೆಯಲ್ಲಿಯೂ ತಟ್ಟೆಯನ್ನು ತೊಳೆಯತಕ್ಕುದು, ಅಪ್ಪನ ಎದುರಿಗೇ ತೊಳೆಯತಕ್ಕುದು.

ಹುಡುಗರು ಯಾರ ಮಾತನ್ನು ಕೇಳುತ್ತಾರೆಂಬುದೂ ವಿಚಾರಣೀಯ. ಪಂಡಿತರ ಉಪನ್ಯಾಸವನ್ನು ಆಕಳಿಸುತ್ತ ಕೇಳುತ್ತಾರೆ. ಅದು ಇದೀಗ ಪ್ರತ್ಯಕ್ಷವೇ ಆಗಿದೆ. ಗರಡಿಮನೆಯ ಉಸ್ತಾದನು ಹೇಳಿದರೆ ಒಂದೇ ಮಾತಿಗೆ ತಿರುಗುತ್ತಾರೆ. ಮುಂಬಯಿಯ ಕೆಲವು ಶಾಲೆಗಳಲ್ಲಿ ೨೦೧೦ರ ಸುಮಾರಿನಲ್ಲಿ ‘ಪರಿವರ್ತನ’ ಎಂಬ ಹೆಸರಿನ ಕಾರ್ಯವು ನಡೆದಾಗ, ಕ್ರಿಕೆಟ್ ಆಟ ಕಲಿಸುವ ಗುರುಗಳನ್ನೇ ಮೊದಲು ತಯಾರುಮಾಡಿದರು. ಆಟದ ನಡುನಡುವೆ ಅವರು ಹುಡುಗಿಯರನ್ನು ಚುಡಾಯಿಸುವ ಮಾತು, ಹೀನವಾದ ಬೈಗುಳ, ಜಗಳ ಬಿಡಿಸುವ ರೀತಿ ಇವುಗಳನ್ನು ಕುರಿತು ಹುಡುಗರೊಡನೆ ಮಾತನಾಡುತ್ತಿದ್ದರು. ಇಲ್ಲಿಯೂ ಗರಡಿಯ ಉಸ್ತಾದರು, ಭಜನಾಮೇಳದ ಹಿರಿಯರು, ಪ್ರಸಾದನಿಲಯದ ಮೇಲಿನ ತರಗತಿಯ ಹುಡುಗರು ಇದ್ದಾರೆ. ಬಯ್ಯುವಾಗ ಎದುರಾಳಿಯ ತಾಯಿಯನ್ನೋ ಅಕ್ಕನನ್ನೋ ಎಳೆತರುವ ಹುಡುಗನಿಗೆ ಅವನ ಉಸ್ತಾದನು ‘ನಿನ್ನ ಜಗಳ ಅವನ ಸಂಗಡ, ಅವನ ಅವ್ವನನ್ನು ಯಾಕೆ ಕರೀತಿ?’ ಎಂದು ಒಂದು ಸಲ ಕೇಳಿದರೆ, ನೂರು ಉಪನ್ಯಾಸಗಳಿಗೆ ಮೇಲಾಯಿತು.

ಮಠಗಳ ವಿಷಯವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣುಮಗಳು ಪೊಲೀಸರ ಠಾಣೆಗಿಂತ ಮೊದಲು ಬರುವುದು ಮಠದ ಬಾಗಿಲಿಗೆ. ಪಂಚರು ಕೂಡುತ್ತಾರೆ, ಸುತ್ತಲೂ ಗಂಡಸರೇ. ‘ಹೊಂದಿಕೊಂಡು ಹೋಗವ್ವ, ಸಂಸಾರ ಅಂದಮೇಲೆ ಇರತೈತಿ’ ಎಂದು ಅವಳಿಗೆ ಹೇಳಿ, ಗಂಡನಿಂದ ಒಂದು ತೆಂಗಿನಕಾಯಿ ಒಡೆಯಿಸಿ, ಅದೇ ಸಂಜೆ ಅದೇ ಮನೆಗೆ ಕಳುಹಿಸಿಕೊಡುವ ಪದ್ಧತಿಯು ಅನೇಕ ಕಡೆ ಇದೆ. ಇದನ್ನು ರಾಜಿಯೆನ್ನುತ್ತಾರೆ. ಹಿಂಸೆಗೂ ಶಾಂತಿಗೂ ನಡುವೆ ರಾಜಿಯೆಂಬುದು ಸಾಧ್ಯವಿಲ್ಲ. ಮೊದಲು ಅವಳನ್ನು ಬೇರೆಯಾಗಿ, ಹಿರಿಯ ಶರಣೆಯರ ಎದುರಿಗೆ ವಿಚಾರಿಸಬೇಕು. ಆ ಮನೆಗೆ ಹೋಗಲು ಅವಳಿಗೆ ಧೈರ್ಯವಿದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಅವಳ ಮಾತಿಗೆ ಬೆಲೆಯಿರಬೇಕು. ಗಂಡನನ್ನು ಪ್ರತ್ಯೇಕವಾಗಿ ಕರೆದು ‘ಅವಳು ಏನು ಮಾಡಿದಳು’ ಎಂದಲ್ಲ, ‘ನೀನು ಏನು ಮಾಡಿದೆ’ ಎಂದು ಕೇಳಬೇಕು. ಪಾದೋದಕದಿಂದ ಅವನ ಪಾಪವು ತೊಳೆಯುವುದೆಂದು ಹೇಳಿ ಕಳುಹಿಸುವುದು ಪಾದೋದಕಕ್ಕೇ ಅಪಚಾರ. ಕ್ಷಮಿಸುವ ಅಧಿಕಾರವು ಪೆಟ್ಟು ತಿಂದವಳದು. ಪಂಚರದೂ ಅಲ್ಲ, ಗುರುಗಳದೂ ಅಲ್ಲ.

ಇದೇ ನಿಯಮವು ಮಠದ ಒಳಗಿಗೂ ಸಲ್ಲತಕ್ಕುದು. ಮಕ್ಕಳನ್ನು ಸಾಕುವ ಯಾವ ಸಂಸ್ಥೆಯಾದರೂ, ಅಲ್ಲಿಯ ಬಾಲಿಕೆಯೋ ಬಾಲಕನೋ ಅತ್ಯಾಚಾರಕ್ಕೆ ಈಡಾದ ಸುದ್ದಿ ತಿಳಿದಾಗ ಸಂಸ್ಥೆಯ ಮಾನವನ್ನು ನೆನೆದು ಮುಚ್ಚಿಡುವುದು ಅಪರಾಧ. ೨೦೧೨ರ ಪೋಕ್ಸೋ ಶಾಸನದ ೧೯ನೆಯ ಪ್ರಕರಣದಂತೆ ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥನೇ ತಿಳಿಸದೆ ಹೋದರೆ ಒಂದು ವರ್ಷದವರೆಗೆ ಸೆರೆಯುಂಟು. ಇದರಲ್ಲಿ ಕಾವಿಗೆ ಒಂದು, ಬಿಳಿಯ ಪಂಚೆಗೆ ಒಂದು ಎಂಬ ಭೇದವಿಲ್ಲ, ಇರಲೂ ಕೂಡದು. ಕಾವಿಯ ಹೆಸರು ಉಳಿಯಬೇಕೆಂಬ ಕಳಕಳಿಯುಳ್ಳವರು ಮಗುವಿನ ಪಕ್ಷದಲ್ಲಿ ನಿಲ್ಲುವುದೇ ಅದಕ್ಕೆ ದಾರಿ. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯು ಪ್ರತಿಯೊಂದು ಪ್ರಸಾದನಿಲಯದಲ್ಲಿಯೂ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು, ವ್ಯವಸ್ಥಾಪಕರ ಕೊಠಡಿಯ ಒಳಗಲ್ಲ.

ಕಡೆಯದಾಗಿ ಸಾಮೂಹಿಕ ವಿವಾಹಗಳ ವಿಷಯ. ಮಠಗಳಲ್ಲಿ ವರ್ಷವರ್ಷವೂ ಎಷ್ಟೋ ಜೋಡಿಗಳಿಗೆ ಮಾಂಗಲ್ಯಧಾರಣೆಯಾಗುತ್ತದೆ. ವರೋಪಚಾರವನ್ನು ೧೯೬೧ರಷ್ಟು ಹಿಂದೆಯೇ ಶಾಸನವು ನಿಷೇಧಿಸಿದೆ. ಮಠದ ಚಪ್ಪರದಲ್ಲಿ ಅದನ್ನು ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಆದರೆ ಚಪ್ಪರ ಇಳಿದಮೇಲೆ ಮೋಟಾರುಸೈಕಲ್ಲಿನ ನೆಪದಲ್ಲಿ ಅದು ಹಿತ್ತಲ ಬಾಗಿಲಿನಿಂದ ಬರುವುದುಂಟು. ಈಗ ವಧುವಿಗೆ ಹೇಳುವ ಹಿತವಚನಗಳು ಹತ್ತಾರಿವೆ. ವರನಿಗೂ ಒಂದು ಪ್ರತಿಜ್ಞೆಯಿರಲಿ: ‘ಈಕೆಯ ಮೇಲೆ ಕೈಯೆತ್ತೆನು, ಈಕೆಯ ತವರಿನಿಂದ ಏನನ್ನೂ ಬೇಡೆನು, ಈಕೆ ಒಲ್ಲೆನೆಂದರೆ ಒತ್ತಾಯಿಸೆನು, ನನ್ನ ಮನೆಯವರು ಈಕೆಯನ್ನು ನೋಯಿಸಿದರೆ ಈಕೆಯ ಪಕ್ಷದಲ್ಲಿ ನಿಲ್ಲುವೆನು’ ಎಂದು ಗುರುಲಿಂಗಜಂಗಮರ ಸಾಕ್ಷಿಯಾಗಿ, ಬಾಯಿಬಿಟ್ಟು, ತನ್ನ ಗೆಳೆಯರ ಎದುರಿಗೆ ಹೇಳಲಿ. ಗೆಳೆಯರೂ ಮಠದ ಪುಸ್ತಕದಲ್ಲಿ ರುಜು ಹಾಕಲಿ. ನಾಳೆ ಅವನು ತಪ್ಪಿದರೆ ಮೊದಲು ಕೇಳತಕ್ಕವರು ಅವರೇ. ವರ್ಷ ತುಂಬಿದಮೇಲೆ ಮಠದಿಂದ ಇಬ್ಬರು ಹಿರಿಯ ಶರಣೆಯರು ಆ ಮನೆಗೆ ಹೋಗಿ ಕುಶಲವನ್ನು ವಿಚಾರಿಸಿ ಬರಲಿ. ಉತ್ತರವನ್ನು ಸೊಸೆಯ ಬಾಯಿಂದಲೇ, ಗಂಡನೂ ಅತ್ತೆಯೂ ಹತ್ತಿರದಲ್ಲಿಲ್ಲದ ಹೊತ್ತಿನಲ್ಲಿ ಕೇಳತಕ್ಕುದು.